ಕಲ್ಲಿಗೆ ಹೊಗೆ, ಹಳ್ಳಕ್ಕೆ ಹೊಲಸು

ಹೊಸ ಕಾಲದ ಮಡಿ ಕೊರಿಯರ್‌ನಲ್ಲಿ ಬರುತ್ತದೆ. ಗುಲಾಬಿ ಬಣ್ಣದ ಸ್ಫಟಿಕ, ಕರಿ ಕಲ್ಲಿನ ಬ್ರೇಸ್‌ಲೆಟ್, ಒಣಗಿದ ಸೇಜ್ ಎಲೆಯ ಕಟ್ಟು. ಡಬ್ಬಿ ಬಿಚ್ಚಿದ ಕೂಡಲೇ ಮುಟ್ಟುವಂತಿಲ್ಲ, ಮೊದಲು ‘ಕ್ಲೆನ್ಸ್’ ಮಾಡಬೇಕಂತೆ. ಉಪ್ಪಿನೊಳಗೆ ಇಡಿ, ಹುಣ್ಣಿಮೆ ರಾತ್ರಿ ಬಾಲ್ಕನಿಯಲ್ಲಿಡಿ, ಸೇಜ್ ಹೊಗೆ ಹಿಡಿಯಿರಿ, ಆಮೇಲೆ ಕಣ್ಣು ಮುಚ್ಚಿ ‘ಚಾರ್ಜ್’ ಮಾಡಿ. ಅಜ್ಜಿ ಮಡಿ ಅಂದರೆ ಮೂಗು ಮುರಿಯುತ್ತಿದ್ದವರೇ ಈಗ ‘ನನ್ನ ಕಲ್ಲನ್ನ ಯಾರೂ ಮುಟ್ಟಬೇಡಿ, ಎನರ್ಜಿ ಹಾಳಾಗುತ್ತೆ’ ಅನ್ನುತ್ತಾರೆ.

ಸೆಲೆನೈಟ್ ಅಂತ ಒಂದು ಕಲ್ಲು ಮಾರುತ್ತಾರೆ, ಬೇರೆ ಕಲ್ಲುಗಳನ್ನ ಶುದ್ಧ ಮಾಡುತ್ತದಂತೆ. ಅದು ಜಿಪ್ಸಮ್. ನೀರಲ್ಲಿ ನೆನೆಸಿಟ್ಟರೆ ನಿಧಾನಕ್ಕೆ ಕರಗುವ ಜಾತಿಯದು. ಬಿಳಿ ಸೇಜ್ ಕ್ಯಾಲಿಫೋರ್ನಿಯಾ ಸೀಮೆಯ ಗಿಡ, ಅಲ್ಲಿನ ಮೂಲನಿವಾಸಿಗಳ ಪೂಜೆಯ ಎಲೆ. ಅಮೆರಿಕ ಸರ್ಕಾರ 1883ರಲ್ಲಿ ನಿಯಮ ತಂದು ಮೂಲನಿವಾಸಿಗಳ ಆಚರಣೆಗಳನ್ನ ಅಪರಾಧ ಮಾಡಿತು. ಅವರ ಧರ್ಮಕ್ಕೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1978ರಲ್ಲಿ. ಇವತ್ತು ಅದೇ ಎಲೆಯನ್ನ ಗುಡ್ಡದಿಂದ ಕದ್ದು ಕಿತ್ತು ಜಗತ್ತಿಗೆಲ್ಲ ಮಾರುತ್ತಿದ್ದಾರೆ. ಒಬ್ಬರ ಗುಡ್ಡ ಬೋಳಿಸಿ ನಮ್ಮ ಹಾಲ್ ಶುದ್ಧ ಮಾಡಿಕೊಳ್ಳುವುದು ಎಂಥ ಶುದ್ಧಿ?

ಪೂಜೆಯ ಸಾಮಾನು ತೊಳೆಯುವುದನ್ನ ನಾನು ಹಗುರವಾಗಿ ನೋಡುತ್ತಿಲ್ಲ. ನಮ್ಮ ಕಡೆ ಹಬ್ಬದ ಹಿಂದಿನ ದಿನ ಜಗಲಿ ಮೇಲಿನ ದೇವರು, ಗಂಟೆ, ಆರತಿ ತಟ್ಟೆ, ಸಮೆ ಎಲ್ಲ ಕೆಳಗಿಳಿಯುತ್ತವೆ. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು. ಹುಣಸೆಯ ಹುಳಿ ಹಿತ್ತಾಳೆಯ ಮೇಲಿನ ಕಪ್ಪು ಪದರವನ್ನ ಕರಗಿಸುತ್ತದೆ, ಬೂದಿ ಜಿಡ್ಡು ತೆಗೆಯುತ್ತದೆ, ನಾರು ಉಜ್ಜುತ್ತದೆ. ಆಮೇಲೆ ನೀರು, ಅದಾದ ಮೇಲೆ ವಿಭೂತಿ, ಅರಿಶಿನ, ಕುಂಕುಮ, ದೀಪ. ಮೊದಲು ತೊಳೆ, ಆಮೇಲೆ ಪೂಜಿಸು. ಈ ಕ್ರಮದೊಳಗೆ ಒಂದು ವಿವೇಕ ಇದೆ. ಹೊಲಸು ಅನ್ನುವುದು ಕಣ್ಣಿಗೆ ಕಾಣುವ ವಸ್ತು, ಅದು ಹೋಗಬೇಕಾದರೆ ಯಾರೋ ಒಬ್ಬರು (ಬಹಳ ಮನೆಗಳಲ್ಲಿ ಅವ್ವನೇ) ಕೂತು ತಿಕ್ಕಬೇಕು. ಮಂತ್ರಕ್ಕೂ ಮುಂಚೆ ಒಳ್ಳೆ ನೀರು ಬೇಕು.

ನನ್ನ ಜಗಳ ಇರುವುದೇ ಆ ನೀರಿನ ಬಗ್ಗೆ. ಅದಕ್ಕೆ ನಿಮ್ಮನ್ನ ನವಲಗುಂದ ತಾಲ್ಲೂಕಿನ ಯಮನೂರಿಗೆ ಕರೆದುಕೊಂಡು ಹೋಗಬೇಕು.

ಯಮನೂರಿನ ದೇವರಿಗೆ ಎರಡು ಹೆಸರು. ಹಿಂದೂಗಳಿಗೆ ಚಾಂಗದೇವ, ಮುಸ್ಲಿಮರಿಗೆ ರಾಜಾಬಾಗಸವಾರ, ಅಂದರೆ ಹುಲಿ ಸವಾರ. ಹುಲಿ ಏರಿ ಜ್ಞಾನೇಶ್ವರರನ್ನ ನೋಡಲು ಹೋದ ಯೋಗಿಯ ಮರಾಠಿ ಕಥೆ ನೀವು ಕೇಳಿರುತ್ತೀರಿ, ಆ ಚಾಂಗದೇವನೇ. ಹೋಳಿ ಹುಣ್ಣಿಮೆ ಆದ ಮೇಲೆ ಇಲ್ಲಿ ಜಾತ್ರೆಯೂ ಹೌದು, ಉರುಸೂ ಹೌದು. ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಇಲ್ಲಿಯ ದೊಡ್ಡ ಆಚರಣೆ ಅಂದರೆ ಊರ ಪಕ್ಕದ ಬೆಣ್ಣಿಹಳ್ಳದ ನೀರು ತಂದು ದೀಪ ಹಚ್ಚುವುದು. ಎಣ್ಣೆ ಅಲ್ಲ, ನೀರು. ಆ ಹಳ್ಳದಲ್ಲಿ ಮಿಂದರೆ ಚರ್ಮರೋಗ ಹೋಗುತ್ತದೆ ಅನ್ನುವ ನಂಬಿಕೆಯೂ ಇದೆ. ಕೈಕೂಸು ಎತ್ತಿಕೊಂಡು ಬಂದವರೂ ಅಲ್ಲೇ ಮುಳುಗು ಹಾಕುತ್ತಾರೆ.

ನೀರಿನಿಂದ ದೀಪ ಉರಿಯುತ್ತದೋ ಇಲ್ಲವೋ ಅನ್ನುವ ವಾದಕ್ಕೆ ನಾನು ಇಳಿಯುವುದಿಲ್ಲ. ಆ ನೀರಿನೊಳಗೆ ಏನಿದೆ ಅನ್ನುವುದಷ್ಟೇ ನನ್ನ ಪ್ರಶ್ನೆ. ಬೆಣ್ಣಿಹಳ್ಳ ಶಿಗ್ಗಾವಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕು ದಾಟಿ ಮಲಪ್ರಭೆಗೆ ಸೇರುತ್ತದೆ. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯಿಂದ ಹೊರಡುವ ನಾಲಾ ಊರೊಳಗಿನ ಗಟಾರಗಳನ್ನೆಲ್ಲ ಕೂಡಿಸಿಕೊಂಡು ಇದೇ ಹಳ್ಳದ ಪಾಲಾಗುತ್ತದೆ. ಬೇಸಿಗೆಯಲ್ಲಿ ಮಳೆ ನೀರು ಎಲ್ಲಿಂದ ಬರಬೇಕು? ಜಾತ್ರೆ ಬರುವುದೂ ಬೇಸಿಗೆಯಲ್ಲೇ. ಹುಬ್ಬಳ್ಳಿಯ ಅಪಾರ್ಟ್‌ಮೆಂಟ್‌ನಲ್ಲಿ ನಾವು ಫ್ಲಶ್ ಒತ್ತಿ ಮರೆತದ್ದನ್ನ ಯಮನೂರಿನಲ್ಲಿ ಒಬ್ಬ ತಾಯಿ ತೀರ್ಥ ಅಂತ ಕೂಸಿನ ತಲೆಗೆ ಹೊಯ್ದುಕೊಳ್ಳುತ್ತಾಳೆ. ಆಕೆ ತಪ್ಪು ಮಾಡಿಲ್ಲ, ಹಳ್ಳವನ್ನ ನಂಬಿದ್ದಾಳೆ ಅಷ್ಟೇ. ಆ ನಂಬಿಕೆಗೆ ದ್ರೋಹ ಮಾಡಿದ್ದು ಮೇಲಿನ ಊರು.

ಇದಕ್ಕೆ ಎರಡು ಕಡೆಯಿಂದ ಉತ್ತರ ಬರುತ್ತದೆ. ‘ನಂಬಿಕೆ ಇದ್ರ ಎಲ್ಲಾ ನೀರೂ ಗಂಗಿನರೀ’ ಅನ್ನುವವರು ಒಂದು ಕಡೆ. ಹಾಗಿದ್ದರೆ ಹುಣಸೆಹಣ್ಣು ಯಾಕ್ರೀ? ದೇವರ ತಟ್ಟೆಗೆ ಅಂಟಿದ ಕಿಲುಬು ನಂಬಿಕೆಯಿಂದ ಹೋಗುವುದಿಲ್ಲ ಅಂತ ಅವರಿಗೂ ಗೊತ್ತು. ಹಿತ್ತಾಳೆಗೆ ಒಂದು ನ್ಯಾಯ, ಹಳ್ಳಕ್ಕೊಂದು ನ್ಯಾಯವೇ?

ಇನ್ನೊಂದು ಕಡೆ ನಮ್ಮಂಥ ಓದಿದವರು: ‘ಮೂಢನಂಬಿಕೆ, ಆ ಜನ ಅಲ್ಲಿ ಸ್ನಾನ ಮಾಡೋದನ್ನ ಬಿಡಬೇಕು.’ ಕೇಳಲಿಕ್ಕೆ ವೈಜ್ಞಾನಿಕ. ಆದರೆ ಲೆಕ್ಕ ನೋಡಿ: ಕೊಳಚೆ ಬಿಟ್ಟವರು ಏನೂ ಬದಲಾಗಬೇಕಿಲ್ಲ, ಮಿಂದವರು ಮಾತ್ರ ಬದಲಾಗಬೇಕು. ಸ್ನಾನ ಬಿಟ್ಟರೂ ಹಳ್ಳದ ದಂಡೆಯ ಹೊಲ, ದನ, ಬೋರ್‌ವೆಲ್ ಅಲ್ಲೇ ಇರುತ್ತವಲ್ಲ? ಅವಕ್ಕೆ ಯಾವ ಮೂಢನಂಬಿಕೆ?

ಶುದ್ಧಿ ಅನ್ನುವ ಪದವನ್ನ ನಾವು ಎಲ್ಲೆಲ್ಲಿ ಬಳಸುತ್ತೇವೆ ನೋಡಿ. 2022ರ ನವೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ ದಲಿತ ಮಹಿಳೆಯೊಬ್ಬರು ಮೇಲ್ಜಾತಿಯವರ ಬೀದಿಯ ತೊಂಬೆಯಿಂದ ನೀರು ಕುಡಿದರು. ತೊಂಬೆಯ ನೀರನ್ನೆಲ್ಲ ಹೊರಗೆ ಬಿಟ್ಟು ಗೋಮೂತ್ರ ಹಾಕಿ ‘ಶುದ್ಧ’ ಮಾಡಲಾಯಿತು. 1927ರಲ್ಲಿ ಅಂಬೇಡ್ಕರ್ ಜೊತೆ ದಲಿತರು ಮಹಾಡದ ಕೆರೆಯ ನೀರು ಕುಡಿದಾಗಲೂ ಸವರ್ಣೀಯರು ಆ ಕೆರೆಗೆ ಮಾಡಿದ್ದು ಇದನ್ನೇ. ಒಬ್ಬ ಮನುಷ್ಯ ಕುಡಿದ ಬೊಗಸೆ ನೀರಿಗೆ ಇಷ್ಟೆಲ್ಲ ಮಡಿ ಮಾಡುವ ಸಮಾಜ, ಒಂದು ನಗರದ ಮಲ ಹಳ್ಳಕ್ಕೆ ಹರಿದರೆ ಮೈಲಿಗೆ ಅನ್ನುವುದಿಲ್ಲ. ಅಂದರೆ ನಮ್ಮ ಶುದ್ಧಿಗೂ ಹೊಲಸಿಗೂ ಸಂಬಂಧವೇ ಇಲ್ಲ. ಅದು ಯಾರು ಮುಟ್ಟಿದರು ಅನ್ನುವುದರ ಲೆಕ್ಕ. ‘ನನ್ನ ಕಲ್ಲು ಮುಟ್ಟಬೇಡಿ’ ಅನ್ನುವ ಮಾತಿನಲ್ಲಿ ನನಗೆ ಇದೇ ಹಳೆಯ ವಾಸನೆ ಬರುತ್ತದೆ, ಸೇಜ್ ಹೊಗೆ ಎಷ್ಟೇ ಹಾಕಿದರೂ.

ಈ ಸೀಮೆಯ ಜನ ನೀರಿಗಾಗಿ ಕೊಟ್ಟ ಬೆಲೆ ಸಣ್ಣದಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದದ ರೈತರು ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದು ಗುಂಡೇಟು ತಿಂದರು. 2016ರ ಜುಲೈ ಕೊನೆಗೆ ಮಹದಾಯಿ ಹೋರಾಟದ ಹೊತ್ತಿನಲ್ಲಿ ಇದೇ ಯಮನೂರಿನಲ್ಲಿ ಪೊಲೀಸರು ಹೆಂಗಸರು, ಮುದುಕರು ಅನ್ನದೆ ಲಾಠಿ ಬೀಸಿದ್ದನ್ನ ಇಡೀ ರಾಜ್ಯ ಟೀವಿಯಲ್ಲಿ ನೋಡಿತು. ಬರಬೇಕಾದ ಮಹದಾಯಿ ನೀರಿಗೆ ಬಡಿಸಿಕೊಂಡವರ ಊರ ಪಕ್ಕದಲ್ಲೇ, ಇದ್ದ ಹಳ್ಳವನ್ನ ನಾವು ಗಟಾರ ಮಾಡಿದ್ದೇವೆ.

ಹಾಗಾದರೆ ಏನು ಮಾಡಬೇಕು? ಹುಬ್ಬಳ್ಳಿಯಲ್ಲಿರುವವರು ನಿಮ್ಮ ಅಪಾರ್ಟ್‌ಮೆಂಟ್ ಮೀಟಿಂಗ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ನಮ್ಮ ಕೊಳಚೆ ಎಲ್ಲಿಗೆ ಹೋಗುತ್ತದೆ? ಕಟ್ಟಡದ ಶುದ್ಧೀಕರಣ ಘಟಕ ನಡೆಯುತ್ತಿದೆಯೋ, ಕರೆಂಟ್ ಬಿಲ್ ಉಳಿಸಲು ಬಂದ್ ಆಗಿದೆಯೋ? ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ದಿನಕ್ಕೆ ಎಷ್ಟು ಕೊಳಚೆ ಶುದ್ಧವಾಗಿ ಹೋಗುತ್ತದೆ, ಎಷ್ಟು ಹಾಗೇ ಹೋಗುತ್ತದೆ ಅಂತ ಬರಹದಲ್ಲಿ ಪಡೆಯಿರಿ. ವಾರ್ಡಿನ ಓಟು ಕೇಳಲು ಬಂದವರ ಮುಂದೆ ಆ ಕಾಗದ ಹಿಡಿಯಿರಿ. ಬೆಂಗಳೂರಿನಲ್ಲಿರುವವರು ನಗಬೇಡಿ, ವೃಷಭಾವತಿಯ ದಂಡೆಯಲ್ಲೂ ಗುಡಿಗಳಿವೆ.

ಕಲ್ಲು ಇಟ್ಟುಕೊಳ್ಳುವವರು ಇಟ್ಟುಕೊಳ್ಳಿ. ದೇವರ ಸಾಮಾನು ತೊಳೆಯುವವರು ಥಳಥಳ ಹೊಳೆಯುವಂತೆ ತೊಳೆಯಿರಿ. ತೊಳೆದ ನೀರು ಎಲ್ಲಿಗೆ ಹೋಯಿತು ಅಂತ ಒಮ್ಮೆ ಅದರ ಹಿಂದೆ ನಡೆದು ನೋಡಿ. ಅದು ನಿಲ್ಲುವ ಕಡೆ ಇನ್ಯಾರೋ ತಮ್ಮ ದೇವರನ್ನ ಮುಳುಗಿಸುತ್ತಿರುತ್ತಾರೆ.