ಮಂಡಿ ನೋವಿನ ಬೇರು ಬೋರ್‌ವೆಲ್ಲಿನಲ್ಲೂ ಇರಬಹುದು

ನಮ್ಮ ಪಾವಗಡದ ಕಡೆ ಐವತ್ತು ದಾಟಿದವರನ್ನು ‘ಹೇಗಿದ್ದೀರಿ?’ ಅಂತ ಕೇಳಿ ನೋಡಿ. ಮಳೆ ಸುದ್ದಿಗಿಂತ ಮೊದಲು ಮಂಡಿ ಸುದ್ದಿ ಬರುತ್ತದೆ. ಸೊಂಟ ಹಿಡಿದಿದೆ, ಕತ್ತು ತಿರುಗೊಲ್ಲ, ಕೂತರೆ ಏಳೋಕಾಗಲ್ಲ. ‘ಗೇಯ್ದ ಮೈ, ವಯಸ್ಸಾಯ್ತಲ್ಲ’ ಅಂತ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಸಂತೆಗೆ ಹೋದಾಗ ಒಂದು ಇಂಜೆಕ್ಷನ್, ಹತ್ತು ಗುಳಿಗೆ. ನಾಲ್ಕು ದಿನ ಹಗುರ, ಐದನೇ ದಿನ ಮತ್ತೆ ಅದೇ.

ನಾನೂ ಆರು ವರ್ಷ ಹೀಗೇ ಕಳೆದೆ. ಒಂದು ದಿನ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳಲು ಕೂತವನು ಮಗನ ಕೈ ಹಿಡಿದೇ ಏಳಬೇಕಾಯಿತು. ಆಗ ದೊಡ್ಡಾಸ್ಪತ್ರೆಗೆ ಹೋದೆ. ಡಾಕ್ಟರು ಮಂಡಿಗಿಂತ ಮೊದಲು ನನ್ನ ಹಲ್ಲಿನ ಕಂದು ಗೆರೆ ನೋಡಿದರು. ‘ಯಾವ ನೀರು ಕುಡೀತೀರಿ?’ ಅಂದರು. ಎಕ್ಸ್‌ರೇ ತೆಗೆಸಿದ ಮೇಲೆ ಹೇಳಿದರು: ಇದು ಫ್ಲೋರೈಡ್.

ಕಲ್ಲಿನಲ್ಲಿರುವ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ನಮ್ಮಪ್ಪನ ಕಾಲದಲ್ಲಿ ಮೂವತ್ತು ಅಡಿ ಬಾವಿಯ ನೀರು ಕುಡಿದೆವು. ಈಗ ಆರುನೂರು ಅಡಿ ಕೆಳಗೆ ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು. ರುಚಿ, ವಾಸನೆ, ಬಣ್ಣ ಯಾವುದರಲ್ಲೂ ಗೊತ್ತಾಗೊಲ್ಲ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಎಂಬುದು ನಮ್ಮ ದೇಶದ ಮಟ್ಟ. ಹೆಚ್ಚಾದದ್ದು ವರ್ಷಾನುಗಟ್ಟಲೆ ಮೂಳೆಯಲ್ಲಿ ಸೇರಿ ಕೀಲು, ಬೆನ್ನುಮೂಳೆ ಬಿಗಿಯುತ್ತದೆ. ಇದು ಹೊಸ ರೋಗವೂ ಅಲ್ಲ. ನಮ್ಮ ಗಡಿಯಾಚೆ ನೆಲ್ಲೂರು ಸೀಮೆಯಲ್ಲಿ 1937ರಲ್ಲೇ ಗುರುತಿಸಿದ್ದರು.

ನಮ್ಮನೆಯವಳ ಹಲ್ಲು ಬೆಳ್ಳಗಿವೆ, ಮಂಡಿ ಮಾತ್ರ ನನ್ನಂತೆಯೇ. ಹಲ್ಲಿಗೆ ಕಲೆ ಬೀಳೋದು ಎಳೆಯದರಲ್ಲಿ. ಅವಳು ಬೆಳೆದದ್ದು ಬೇರೆ ಊರಿನ ನೀರಿನಲ್ಲಿ. ಮೂಳೆಗೆ ಮಾತ್ರ ಯಾವ ವಯಸ್ಸಾದರೂ ಒಂದೇ.

ನನ್ನ ತಕರಾರು ಇರುವುದು ಗುಳಿಗೆಯ ಮೇಲೆ. ಮೈಯಿಂದ ಫ್ಲೋರೈಡ್ ಹೊರಹಾಕುವುದು ಮೂತ್ರಪಿಂಡ. ನೋವಿನ ಗುಳಿಗೆ ವರ್ಷಗಟ್ಟಲೆ ನುಂಗಿದರೆ ಕೆಡುವುದೂ ಅದೇ. ಅದು ಕೆಟ್ಟರೆ ವಿಷ ಮೈಯಲ್ಲೇ ಉಳಿದು ನೋವು ಹೆಚ್ಚುತ್ತದೆ, ಆಗ ಇನ್ನೊಂದು ಗುಳಿಗೆ. ಬೇರು ಕೊಳೆತ ಗಿಡಕ್ಕೆ ಎಲೆ ಮೇಲೆ ಔಷಧಿ ಹೊಡೆಯುವವನನ್ನು ನೋಡಿ ನಗುವ ನಾವು, ನಮ್ಮ ಮೈಗೆ ಮಾಡಿಕೊಳ್ಳುವುದೂ ಅದನ್ನೇ.

ಎಲ್ಲರ ನೋವೂ ನೀರಿನದಲ್ಲ. ದುಡಿಮೆಯ ಸವೆತ, ಆಮವಾತ ಬೇರೆ ಇವೆ. ಮಂಡಿ ಬಗ್ಗಿಸದೆ ನೆಲದ ನಾಣ್ಯ ಎತ್ತಿ. ಗಲ್ಲವನ್ನು ಎದೆಗೆ ಮುಟ್ಟಿಸಿ. ಎರಡೂ ಕೈ ತಲೆಯ ಹಿಂದಕ್ಕೆ ಒಯ್ಯಿರಿ. ಆಗದಿದ್ದರೆ ಡಾಕ್ಟರಿಗೆ ತೋರಿಸಿ, ನೀರನ್ನೂ ಪರೀಕ್ಷೆ ಮಾಡಿಸಿ. ನಮ್ಮ ಬೋರ್‌ವೆಲ್ಲಿನಲ್ಲಿ 2.8 ಬಂತು.

ಕಾಯಿಸಿದರೆ ಫ್ಲೋರೈಡ್ ಹೋಗೊಲ್ಲ. ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟರೆ ತಿಂಗಳುಗಟ್ಟಲೆ ಕೇಳುವವರಿಲ್ಲ. ಸರಿಯಿದ್ದಾಗಲೂ ಕುಡಿಯಲು ಮಾತ್ರ ಆ ನೀರು ತಂದು, ಮುದ್ದೆಗೆ ಸಾರಿಗೆ ನಲ್ಲಿ ನೀರೇ ಸುರಿಯುತ್ತೇವೆ. ಹೊಟ್ಟೆಗೆ ಹೋಗುವುದು ಎರಡೂ ತಾನೇ?

ನನಗೆ ಕಂಡ ದಾರಿ ಮಳೆನೀರು. ನಮ್ಮ ಮಾಳಿಗೆ 60 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಬಿದ್ದರೆ 30 ಸಾವಿರ ಲೀಟರ್, ಪೋಲಾದದ್ದು ಕಳೆದರೂ 24 ಸಾವಿರ. ಐದು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಸುಮಾರು 9 ಸಾವಿರ. ಮೊದಲ ಮಳೆ ಹೊರಗೆ ಬಿಟ್ಟು, ಜಲ್ಲಿ, ಮರಳು, ಇದ್ದಿಲಿನಲ್ಲಿ ಸೋಸಿ, ಬಿಸಿಲು ಬೀಳದ 10 ಸಾವಿರ ಲೀಟರ್ ತೊಟ್ಟಿಗೆ ತುಂಬಿಸುತ್ತೇವೆ. ಕಾಯಿಸಿ ಕುಡಿಯುತ್ತೇವೆ. ಜೊತೆಗೆ ರಾಗಿ, ಮಜ್ಜಿಗೆ, ನುಗ್ಗೆಸೊಪ್ಪು ತಪ್ಪಿಸೊಲ್ಲ. ಸುಣ್ಣದಂಶ ಇದ್ದರೆ ಮೈ ಹೀರುವ ಫ್ಲೋರೈಡ್ ಕಡಿಮೆ.

ನನ್ನ ಬೆನ್ನು ಪೂರ್ತಿ ಸರಿಯಾಗೊಲ್ಲ. ಬಿಗಿದ ಮೂಳೆ ಬಿಡಿಸುವ ಔಷಧಿ ಇಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಆದರೆ ಗುಳಿಗೆ ಬಿಟ್ಟಿದ್ದೇನೆ, ನೋವು ಏರಿಲ್ಲ. ಮೊಮ್ಮಗಳಿಗೆ ಈಗ ಒಂದು ವರ್ಷ. ಅವಳ ಕಾಯಂ ಹಲ್ಲು ದವಡೆಯೊಳಗೆ ಈಗಲೇ ರೂಪುಗೊಳ್ಳುತ್ತಿರುತ್ತದಂತೆ. ತೊಟ್ಟಿ ಕಟ್ಟಿಸಿದ್ದು ಅವಳಿಗಾಗಿ.

ಬೋರ್ ಕೊರೆಸಲು ಲಕ್ಷ ಸಾಲ ಮಾಡುವ ನಾವು ಆ ನೀರಿನ ಅಂಕಿ ಕೇಳಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಎಷ್ಟು ಬಂತು ಅಂತ ಪತ್ರಿಕೆಗೂ ಒಂದು ಕಾರ್ಡು ಬರೆಯಿರಿ.