ತೆಗೆದರೂ ಮರಳುವ ಕುತಂತ್ರಾಂಶ

ಹಳೆಯ ಪ್ರಶ್ನೆಪತ್ರಿಕೆಗೆಂದೋ ಕನ್ನಡ ಟೈಪಿಂಗ್‌ಗೆಂದೋ ಗೊತ್ತಿಲ್ಲದ ತಾಣದಿಂದ ಇಳಿಸಿದ ಕಡತದೊಡನೆ ಕುತಂತ್ರಾಂಶವೂ ಮನೆ ಹೊಗಬಹುದು. ಮಕ್ಕಳ ಪಾಠವೂ ಹಿರಿಯರ ಬ್ಯಾಂಕ್ ವ್ಯವಹಾರವೂ ಒಂದೇ ಗಣಕಯಂತ್ರದಲ್ಲಿದ್ದರೆ ಆಪತ್ತು ಇಮ್ಮಡಿ. ಅಳಿಸಿದ್ದು ಮರುದಿನ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಕಾರಣವಿದೆ: ಯಂತ್ರ ಚಾಲೂ ಆದೊಡನೆ ತಾನೂ ಏಳುವಂತೆ ಅದು ಸ್ಟಾರ್ಟಪ್ ಪಟ್ಟಿಯಲ್ಲೋ ಬ್ರೌಸರಿನ ಎಕ್ಸ್‌ಟೆನ್ಷನ್‌ನಲ್ಲೋ ಬೇರೂರಿರುತ್ತದೆ.

ಮೊದಲು ಇಂಟರ್ನೆಟ್ ಸಂಪರ್ಕ ಕಡಿಯಬೇಕು. ವಿಂಡೋಸ್ 10 ಮತ್ತು 11ರಲ್ಲಿರುವ ಡಿಫೆಂಡರ್‌ನ ‘ಆಫ್‌ಲೈನ್ ಸ್ಕ್ಯಾನ್’ ವಿಂಡೋಸ್ ಏಳುವ ಮುನ್ನವೇ ತಪಾಸಣೆ ನಡೆಸುವುದರಿಂದ ಅಡಗಿದ್ದಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ. ಬಳಿಕ ಅಪರಿಚಿತ ಎಕ್ಸ್‌ಟೆನ್ಷನ್‌ಗಳನ್ನು ತೆಗೆಯಬೇಕು. ಆದರೂ ಮರಳಿದರೆ, ಪಾಠ, ಪತ್ರ, ಚಿತ್ರಗಳನ್ನಷ್ಟೇ ಪ್ರತಿ ಮಾಡಿಕೊಂಡು ವಿಂಡೋಸನ್ನು ಹೊಸದಾಗಿ ಸ್ಥಾಪಿಸುವುದೇ ನೆಚ್ಚಬಹುದಾದ ದಾರಿ. ಪಾಸ್‌ವರ್ಡ್‌ಗಳನ್ನು ಸೋಂಕಿಲ್ಲದ ಬೇರೊಂದು ಸಾಧನದಿಂದಲೇ ಬದಲಾಯಿಸತಕ್ಕದ್ದು.

ಅನುಮತಿಯಿಲ್ಲದೆ ಅನ್ಯರ ಗಣಕಕ್ಕೆ ವೈರಸ್ ಸೇರಿಸಿದವನು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿನಡಿ ಪರಿಹಾರ ತೆರಬೇಕು. ವಂಚನೆಯ ಉದ್ದೇಶವಿದ್ದರೆ 66ನೇ ಕಲಮಿನಡಿ 3 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಅಳಿಸುವ ಮುನ್ನ ಪರದೆಯ ಚಿತ್ರ ತೆಗೆದಿಡುವುದು ಲೇಸು; ಕುತಂತ್ರಾಂಶದೊಂದಿಗೆ ಸಾಕ್ಷ್ಯವೂ ಅಳಿದುಹೋದೀತು.