ಮರಿಗಳನ್ನು ಕೊಡುವ ಮೊದಲು ವಾರ ಎಣಿಸಿ

ಅಟ್ಟದ ಮೇಲೋ ಸೌದೆ ಕೊಟ್ಟಿಗೆಯ ಮೂಲೆಯಲ್ಲೋ ಬೆಕ್ಕು ಮರಿ ಹಾಕಿದೆಯೆಂದು ತಿಳಿದರೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಮಕ್ಕಳು ಶಾಲೆ ಬಿಟ್ಟ ಕೂಡಲೇ ಅತ್ತ ಓಡುತ್ತಾರೆ. ದೊಡ್ಡವರು, ಇವು ಓಡಾಡತೊಡಗಿದರೆ ಅಡುಗೆ ಮನೆಯ ಗತಿಯೇನು ಎಂದು ಚಿಂತಿಸುತ್ತಾರೆ. ಮರಿಗಳು ಅಂಗಳಕ್ಕಿಳಿದು ತಟ್ಟೆಗೆ ಬಾಯಿ ಹಾಕಿದ ದಿನವೇ ತೀರ್ಮಾನವಾಗಿಬಿಡುತ್ತದೆ: "ಅನ್ನ ತಿನ್ನಲು ಕಲಿತವಲ್ಲ, ಇನ್ನು ಯಾರಿಗಾದರೂ ಕೊಟ್ಟುಬಿಡಿ." ಕೇಳುವವರಿಲ್ಲದಿದ್ದರೆ ಒಂದು ಗೋಣಿಚೀಲ, ರಾತ್ರಿಯ ಹೊತ್ತು, ಮೀನು ಮಾರುಕಟ್ಟೆಯ ಹಿಂಬದಿ.

ಪ್ರಿಯ ಓದುಗರೇ, ತಟ್ಟೆಗೆ ಬಾಯಿ ಹಾಕಿದ ಮರಿ ತಾಯಿಯನ್ನು ಬಿಡಲು ಸಿದ್ಧವಾಗಿದೆಯೇ? ವಿಷಯ ಸಣ್ಣದೆಂದು ನಿಮಗನಿಸಬಹುದು. ಆದರೆ ಆ ಮರಿಯ ಅಳಿವು ಉಳಿವು ಈ ಒಂದು ಪ್ರಶ್ನೆಯಲ್ಲಿದೆ.

ಬೆಕ್ಕಿನ ಮರಿ ಹುಟ್ಟುವಾಗ ಅದಕ್ಕೆ ಕಣ್ಣು ಕಾಣಿಸದು, ಕಿವಿ ಕೇಳಿಸದು. ಮೈಯ ಬಿಸಿಯನ್ನು ಕಾಪಾಡಿಕೊಳ್ಳಲೂ ಬಾರದು. ಕಣ್ಣು ತೆರೆಯಲು ಸಾಮಾನ್ಯವಾಗಿ 7ರಿಂದ 14 ದಿನ ಬೇಕು. ಮೊದಲ ಸುಮಾರು ಮೂರು ವಾರ ಅದು ತಾನಾಗಿ ಮಲಮೂತ್ರ ವಿಸರ್ಜಿಸಲೂ ಆಗದು. ತಾಯಿ ನೆಕ್ಕಿದರೆ ಮಾತ್ರ ಅದು ಸಾಧ್ಯ. ತಾಯಿಬೆಕ್ಕು ಮರಿಗಳನ್ನು ನೆಕ್ಕುತ್ತಾ ಕೂರುವುದನ್ನು ನಾವು ಮುದ್ದು ಎಂದುಕೊಳ್ಳುತ್ತೇವೆ. ಅದು ಮುದ್ದೂ ಹೌದು, ಮರಿಯ ಪ್ರಾಣ ಉಳಿಸುವ ಕೆಲಸವೂ ಹೌದು.

ನಾಲ್ಕನೆಯ ವಾರದ ಹೊತ್ತಿಗೆ ಮರಿ ಹಾಲಿನ ಜೊತೆಗೆ ಮೆತ್ತಗಿನ ಆಹಾರವನ್ನು ನೆಕ್ಕತೊಡಗುತ್ತದೆ. ನಾವು ಎಡವುವುದು ಇಲ್ಲಿಯೇ. ತಿನ್ನಲು ಆರಂಭಿಸುವುದು ಬೇರೆ, ತಾಯಿಯ ಹಂಗು ತೀರುವುದು ಬೇರೆ. ಅಲಿಫ್, ಬಾ, ತಾ ಒಪ್ಪಿಸಿದ ಮಗುವನ್ನು ಮರುದಿನವೇ ದೊಡ್ಡ ಕಿತಾಬಿನ ಮುಂದೆ ಯಾರಾದರೂ ಕೂರಿಸುತ್ತಾರೆಯೇ? ಮರಿ ಹಾಲನ್ನು ಪೂರ್ತಿ ಬಿಟ್ಟು ಆಹಾರಕ್ಕೆ ಒಗ್ಗಿಕೊಳ್ಳಲು ಎಂಟು ವಾರಗಳಾದರೂ ಹಿಡಿಯುತ್ತದೆ. ಈ ಕೆಲಸವನ್ನು ತಾಯಿಯೇ ನಿಧಾನವಾಗಿ ಮಾಡುತ್ತದೆ. ಹಾಲಿಗೆ ಬಂದ ಮರಿಯಿಂದ ಸರಿದು ಹೋಗುತ್ತದೆ, ಎದೆ ಅಡಗಿಸಿ ಮಲಗುತ್ತದೆ, ಒಮ್ಮೊಮ್ಮೆ ಗದರುತ್ತದೆ. ಅದನ್ನು ಕಂಡು, ತಾಯಿಗೇ ಬೇಡವಾಗಿದೆ ಎಂದು ತೀರ್ಪು ಕೊಡಬೇಡಿ.

ಹೊಟ್ಟೆಯ ವಿಷಯ ಹೀಗಾದರೆ, ಬುದ್ಧಿಯ ವಿಷಯ ಇನ್ನೊಂದಿದೆ. ನಾಲ್ಕನೆಯ ವಾರದ ನಂತರವೇ ಮರಿಯ ಪಾಠಶಾಲೆ ಆರಂಭವಾಗುವುದು. ಮಣ್ಣು ಕೆದರಿ ಮಲವಿಸರ್ಜಿಸಿ ಮುಚ್ಚುವುದು, ಇಲಿ ಹಿಡಿಯುವುದು, ಯಾರಿಗೆ ಹೆದರಬೇಕು, ಯಾರಿಗೆ ಬೇಡ ಎಂಬುದನ್ನೆಲ್ಲ ಅದು ತಾಯಿಯನ್ನು ನೋಡಿ ರೂಢಿಸಿಕೊಳ್ಳುತ್ತದೆ. ಒಡಹುಟ್ಟಿದವರ ಜೊತೆ ಹೊರಳಾಡುವಾಗ ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ನಿಲ್ಲಿಸುತ್ತದೆ. ಎಷ್ಟು ಕಚ್ಚಿದರೆ ಆಟ, ಎಷ್ಟು ಕಚ್ಚಿದರೆ ನೋವು ಎಂಬ ಅಳತೆ ಸಿಗುವುದು ಹಾಗೆ. ಐದು ವಾರಕ್ಕೇ ಬೇರೆ ಮಾಡಿದ ಮರಿಗೆ ಈ ಪಾಠ ಕಲಿಸುವವರು ಯಾರು? ನಾಳೆ ಅದು ನಿಮ್ಮ ಮಗುವಿನ ಕೈಯನ್ನು ರಕ್ತ ಬರುವಂತೆ ಪರಚಿದರೆ, "ಕೆಟ್ಟ ಜಾತಿಯ ಬೆಕ್ಕು" ಎಂದು ಬೈಯುತ್ತೇವೆ.

ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು 5,726 ಬೆಕ್ಕುಗಳ ಬಗ್ಗೆ ಮಾಲೀಕರಿಂದ ಮಾಹಿತಿ ಸಂಗ್ರಹಿಸಿ 2017ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬೇರೆಯಾದ ಬೆಕ್ಕುಗಳಲ್ಲಿ ಮೇಲೆರಗುವ ಸ್ವಭಾವ ಹೆಚ್ಚಾಗಿ ಕಂಡಿತು. ಮರಿಗಳನ್ನು ಹದಿನಾಲ್ಕು ವಾರದವರೆಗೆ ತಾಯಿಯ ಬಳಿ ಬಿಡುವುದು ಒಳ್ಳೆಯದೆಂದು ಅವರು ಸಲಹೆ ನೀಡಿದರು. ಹಲವು ದೇಶಗಳಲ್ಲಿ ಜಾತಿಬೆಕ್ಕು ಸಾಕುವವರ ಸಂಘಗಳು 12-13 ವಾರಗಳ ಮೊದಲು ಮರಿಗಳನ್ನು ಕೊಡಬಾರದೆಂದು ನಿಯಮ ಮಾಡಿಕೊಂಡಿವೆ. ನಮ್ಮ ಮನೆಯ ಲೆಕ್ಕ ಹೀಗಿರಲಿ: ಎಂಟು ವಾರದೊಳಗೆ ಖಂಡಿತ ಬೇಡ, ಹನ್ನೆರಡು ವಾರವಾದರೆ ಉತ್ತಮ.

ಹಾಗಾದರೆ ಅಷ್ಟು ದಿನ ಮಕ್ಕಳು ಮರಿಗಳನ್ನು ಮುಟ್ಟಬಾರದೇ? ಮುಟ್ಟಬೇಕು. ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈಯ ಸ್ಪರ್ಶ ಸಿಕ್ಕಿದ ಮರಿ ಮುಂದೆ ಮನುಷ್ಯರಿಗೆ ಬೇಗ ಹೊಂದಿಕೊಳ್ಳುತ್ತದೆ. ಕೈ ತೊಳೆದು, ತಾಯಿ ಸಿಟ್ಟಾಗದಂತೆ ನೋಡಿಕೊಂಡು, ಸ್ವಲ್ಪ ಹೊತ್ತು ಎತ್ತಿಕೊಂಡು ಮತ್ತೆ ಅಲ್ಲಿಯೇ ಬಿಡಲು ಕಲಿಸಿ. ಮಕ್ಕಳಿಗೆ ಇನ್ನೊಂದು ಕೆಲಸವನ್ನೂ ಕೊಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಮರಿ ಹುಟ್ಟಿದ ದಿನಕ್ಕೆ ಗುರುತು ಹಾಕಿ ವಾರ ಎಣಿಸಲಿ. "ಈಗಲೇ ಬೇಕು" ಎಂದು ಹಟ ಹಿಡಿಯುವ ಪಕ್ಕದ ಮನೆಯ ಮಗುವಿಗೆ ಅವರೇ ಉತ್ತರ ಹೇಳುತ್ತಾರೆ.

ಇನ್ನು ತಾಯಿಯ ಸಂಗತಿ. ಹಾಲು ಕುಡಿಯುವ ಮರಿಗಳನ್ನೆಲ್ಲ ಒಂದೇ ದಿನ ಸಾಗಿಸಿದರೆ ತಾಯಿಯ ಎದೆಯಲ್ಲಿ ಹಾಲು ಕಟ್ಟಿ ಬಾವು ಬರಬಹುದು. ಅದು ದಿನಗಟ್ಟಲೆ ಕೂಗುತ್ತಾ ಅಟ್ಟ, ಕೊಟ್ಟಿಗೆ, ಬಾವಿಕಟ್ಟೆ ಎಂದು ಅಲೆಯುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಪ್ರಯಾಣವೊಂದರಲ್ಲಿ ಸಂಗಡಿಗರು ಒಂದು ಚಿಕ್ಕ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಬಂದುದನ್ನು ಕಂಡ ಪ್ರವಾದಿವರ್ಯರು(ಸ), ಇದನ್ನು ನೋಯಿಸಿದವರು ಯಾರೆಂದು ವಿಚಾರಿಸಿ ಮರಿಗಳನ್ನು ಮರಳಿ ಕೊಡಿಸಿದ ವಿಷಯ ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ಹಕ್ಕಿಯ ಸಂಕಟಕ್ಕೆ ಬೆಲೆಯಿದ್ದರೆ ಬೆಕ್ಕಿನ ಸಂಕಟಕ್ಕೂ ಇದೆ.

ಸಮಯ ಬಂದಾಗ ಕೊಡುವ ಕ್ರಮವೂ ಇದೆ. ಮರಿಗಳನ್ನು ಒಂದೊಂದಾಗಿ, ಕೆಲವು ದಿನ ಬಿಟ್ಟು ಕೊಡಿ. ತಾಯಿ ಮಲಗುತ್ತಿದ್ದ ಹಳೆಯ ಬಟ್ಟೆಯ ತುಂಡೊಂದನ್ನು ಜೊತೆಗೆ ಕಳಿಸಿ. ಪರಿಚಿತ ವಾಸನೆ ಮರಿಗೆ ಧೈರ್ಯ ಕೊಡುತ್ತದೆ. ಇಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಮೊದಲ ವಾರ ಅಲ್ಲಿಯೂ ಕೊಡಲಿ. ದನದ ಹಾಲು ಅನೇಕ ಬೆಕ್ಕುಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಕುಡಿಯಲು ನೀರಿಡುವುದೇ ಲೇಸು. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಸಾರು ಬೇಡ, ಅದು ಬೆಕ್ಕಿಗೆ ವಿಷ. ಜಂತುಹುಳುವಿನ ಔಷಧಿ, ಎಂಟು ವಾರದ ಸುಮಾರಿಗೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ: ಇವುಗಳ ಬಗ್ಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಮಕ್ಕಳಿರುವ ಮನೆಗೆ ಇದು ತೀರಾ ಅಗತ್ಯ.

ದಾರಿಬದಿಯಲ್ಲಿ ತಾಯಿಯಿಲ್ಲದೆ ಮಲಗಿದ ಮರಿಗಳು ಕಂಡರೂ ಕೂಡಲೇ ಎತ್ತಿಕೊಂಡು ಬರಬೇಡಿ. ತಾಯಿ ಆಹಾರ ಹುಡುಕಲು ಹೋಗಿರಬಹುದು. ಅಪಾಯವಿಲ್ಲದಿದ್ದರೆ ದೂರದಲ್ಲಿ ನಿಂತು ಕೆಲವು ಗಂಟೆ ಕಾದು ನೋಡಿ.

ಗೋಣಿಚೀಲದ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಾಲು ಬಿಡದ ಮರಿಯನ್ನು ಮಾರುಕಟ್ಟೆಯಲ್ಲಿ ಬಿಟ್ಟು ಬರುವವರು, ಅಲ್ಲಿ ಮೀನು ಸಿಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಅಲ್ಲಿ ನಾಯಿಗಳೂ ಇವೆ, ಲಾರಿಗಳೂ ಇವೆ. ಬೆಳಗ್ಗೆದ್ದು "ಮರಿಗಳೆಲ್ಲಿ?" ಎಂದು ಕೇಳುವ ಮಗುವಿಗೆ ಆಗ ಸುಳ್ಳು ಹೇಳಬೇಕಾಗುತ್ತದೆ.

ನಿಮ್ಮ ಮನೆಯಲ್ಲಿ ಈಗ ಮರಿಗಳಿದ್ದರೆ ಇಂದೇ ಕ್ಯಾಲೆಂಡರ್ ನೋಡಿ. ಹನ್ನೆರಡು ವಾರವೆಂದರೆ ಮೂರು ತಿಂಗಳೂ ಪೂರ್ತಿಯಾಗದು. ಅಷ್ಟು ದಿನ ಅಡುಗೆ ಮನೆಯ ಬಾಗಿಲು ಹಾಕಿಟ್ಟುಕೊಂಡರೆ ಸಾಕು.